ಒತ್ತಿದರೆ ಬೀಳುವವರು

೮ ಆಗಸ್ಟ್ ೧೯೯೪, ಸೋಮವಾರ. ಸುರಪುರ

ಇವತ್ತು ಮಧ್ಯಾಹ್ನ ಹೆಡ್‌ಮಿಸ್ ಪಾರ್ವತಿಬಾಯಿಯವರು ತಮ್ಮ ಖೋಲಿಗೆ ಕರೆಸಿದರು. ಡ್ರಿಲ್ ಮಾಸ್ತರನನ್ನು ಖೋಲಿಗೆ ಕರೆಸುತ್ತಾರೆಂದರೆ ಒಂದೋ ಪಂದ್ರಾ ಆಗಸ್ಟಿನ ಝಂಡಾ ಕಟ್ಟಬೇಕು, ಇಲ್ಲವೇ ಬೋರಿನ ಹಿಡಿಕೆ ಕೆಟ್ಟಿರಬೇಕು. ಶಹಾಪುರದಲ್ಲಿ ಆರು ವರ್ಷ, ಇಲ್ಲಿ ಹತ್ತೊಂಬತ್ತು ವರ್ಷ ನೌಕರಿ ಮಾಡಿದ್ದೇನೆ, ಮೂರನೆಯ ಕಾರಣ ಕಂಡಿರಲಿಲ್ಲ. ಇವತ್ತು ಕಂಡೆ.

ಬೋನಾಳ ದಾರಿಯ ದೊಡ್ಡಿಯಿಂದ, ಹೊಲಗಳ ನಡುವಿನ ಸಣ್ಣ ವಸ್ತಿ ಅದು, ಏಳು ಹುಡುಗಿಯರು ನಮ್ಮ ಶಾಲೆಗೆ ಬರುತ್ತಿದ್ದರು. ಒಂದು ವಾರದಿಂದ ಒಬ್ಬಳೂ ಬಂದಿಲ್ಲ. ಮೊದಲು ಅವರಿಗೆ ಹೊಲದ ನಡುವೆ ಬಂಡಿದಾರಿ ಇತ್ತು. ಅದನ್ನು ಕಾಲುವೆ ಕಡಿದುಹಾಕಿದ ಮೇಲೆ ಉಳಿದದ್ದು ಕಾಲುವೆಯ ದಂಡೆಯೊಂದೇ. ನಾಲ್ಕು ಕಿಲೋಮೀಟರು, ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಭತ್ತದ ಕೆಸರು. ನಡುದಾರಿಯಲ್ಲಿ ಕಾಲುವೆಯ ನೀರು ಬಿಡುವ ಗೇಟಿನ ಹತ್ತಿರ ಯಾವನೋ ಒಬ್ಬ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಕೂಡುತ್ತಾನಂತೆ. ಮೊದಮೊದಲು ಹಾಡುತ್ತಿದ್ದ, ಆಮೇಲೆ ಮಾತಾಡಿಸಿದ, ಹೋದ ವಾರ ಅವರಲ್ಲೊಬ್ಬಳಾದ ಹಣಮಂತಮ್ಮನ ಕೈ ಹಿಡಿದು ಎಳೆದನಂತೆ. ದೊಡ್ಡಿಯ ಹಿರಿಯರು ಕೂತು, ಹೆಣ್ಣುಮಕ್ಕಳಿಗೆ ಕಲಿತದ್ದು ಸಾಕು ಎಂದು ತೀರ್ಮಾನ ಮಾಡಿಬಿಟ್ಟಿದ್ದಾರೆ.

"ಪೊಲೀಸರಿಗೆ ಬರದು ಕೊಟ್ಟೀನ್ರಿ. ಆದ್ರ ಅವ ಯಾವೂರವ, ಯಾರ ಮಗ, ಒಬ್ಬರಿಗೂ ಗೊತ್ತಿಲ್ಲ," ಎಂದರು ಬಾಯಿಯವರು. "ಅಯ್ಯಣ್ಣ ಮಾಸ್ತರ, ನೀವು ತಾಲೀಮಿನ ಉಸ್ತಾದ್ರು ಅಂತಾರಲ್ಲ. ಈ ಹುಡುಗ್ಯಾರಿಗೆ ಏನರೆ ಕಲಿಸಾಕ ಆಗ್ತದೇನ್ರಿ?"

ಆಗ್ತದೇನ್ರಿ ಅಂತ ನನ್ನನ್ನು ಕೇಳುವುದೇ! ನರ ಹಿಡಿಯುವ ವಿದ್ಯೆ ಇರುವುದೇ ಇಂಥ ಹೊತ್ತಿಗೆ. ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ನಮ್ಮ ಉಸ್ತಾದರು ಕಲಿಸಿಹೋದದ್ದು ಐದು ಜಾಗ: ಮಣಿಕಟ್ಟು, ಮೊಣಕೈ, ಕಿವಿಯ ಕೆಳಗೆ, ಕುತ್ತಿಗೆಯ ಬುಡ, ಹೆಬ್ಬೆರಳಿನ ಸಂದು. ಅಲ್ಲಿ ಸರಿಯಾಗಿ ಬೆರಳಿಟ್ಟು ಒತ್ತಿದರೆ ಕೋಣನಂಥವನೂ ನೆಲ ಹಿಡಿಯುತ್ತಾನೆ. ಮೂವತ್ತು ವರ್ಷದಲ್ಲಿ ನನ್ನ ಹೆಬ್ಬೆರಳಿನ ಕೆಳಗೆ ನಿಂತವನನ್ನು ನಾನು ನೋಡಿಲ್ಲ. ತಾಕತ್ತು ಬೇಡ, ತೂಕ ಬೇಡ, ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ ವಿದ್ಯೆ.

ಸಂಜೆಗೆ ಬಾಯಿಯವರೂ ನಾನೂ ದೊಡ್ಡಿಗೆ ಹೋಗಿ ಹಿರಿಯರ ಮುಂದೆ ಕೂತೆವು. "ನನ್ನ ಮಾತಿನ ಮ್ಯಾಲ ಕಳಸ್ರಿ. ಕಲಿಯೋತನಕ ಮನೀಗೊಬ್ಬರು ಸಂಗಟ ಬರ್ರಿ. ಇಪ್ಪತ್ತು ದಿನದಾಗ ನೀವ ಬಂದು ನೋಡ್ರಿ," ಎಂದೆ. ಒಪ್ಪಿದರು. ಮಾತಿಗೆ ಬೆಲೆ ಇನ್ನೂ ಇದೆ.

೧೦ ಆಗಸ್ಟ್, ಬುಧವಾರ

ಮೊದಲ ಪಾಠ. ತಾಯಪ್ಪ ತನ್ನ ಸೈಕಲ್ ಅಂಗಡಿಗೆ ಬೀಗ ಜಡಿದು ಬಂದಿದ್ದ. ಹದಿನೆಂಟು ವರ್ಷದಿಂದ ನನ್ನ ಶಿಷ್ಯ, ಬಂಡೆಯಂಥ ಮೈ. ಅವನ ಮಣಿಕಟ್ಟು ಹಿಡಿದು ಹೆಬ್ಬೆರಳಿಟ್ಟೆ. "ಯಪ್ಪಾ!" ಎಂದು ಬಿದ್ದ ನೋಡು, ಮೈದಾನದ ಧೂಳು ಬಾಯಿಯವರ ಖೋಲಿಯ ಕಿಟಕಿತನಕ ಹೋಯಿತು. ಬಿದ್ದವನು ತಾಲೀಮಿನ ಪದ್ಧತಿಯಂತೆ ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡು, ನನಗೆ ಸಲಾಮು ಮಾಡಿ ಎದ್ದ. ಹುಡುಗಿಯರು ಬಾಯಿಯ ಮೇಲೆ ಬೆರಳಿಟ್ಟುಕೊಂಡರು.

ಆಮೇಲೆ ಒಬ್ಬೊಬ್ಬಳನ್ನೇ ಕರೆದು ಮಣಿಕಟ್ಟು ಒತ್ತಿ ತೋರಿಸಿದೆ. ಹಣಮಂತಮ್ಮ ಕುಸಿದು ಕೂತಳು. ಸಾಯಬಮ್ಮನಂತೂ ನಾನು ಬೆರಳಿಡುವ ಮೊದಲೇ ಬಿದ್ದಳು. ಅವಸರದ ಹುಡುಗಿ, ಇರಲಿ. ಹೀಗೆ ಆರು ಮಂದಿ ಬಿದ್ದರು. ಏಳನೆಯವಳು ದುರಗಮ್ಮ, ಒಂಬತ್ತನೆಯ ತರಗತಿ, ಕಡ್ಡಿಯಂಥ ಹುಡುಗಿ, ಕಾಲುವೆಯ ಮಣ್ಣು ಕೆಲಸದ ಮರಿಲಿಂಗಪ್ಪನ ಮಗಳು. ಒತ್ತಿದೆ. ನಿಂತಳು. ಇನ್ನಷ್ಟು ಒತ್ತಿದೆ. ಹಲ್ಲು ಕಚ್ಚಿಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಳು.

"ಯಾಕವ್ವ, ನೋವಾಗವಲ್ದೇನು?"

"ಆಗಾಕತ್ತೇದ್ರಿ ಸರ, ಭಾಳ."

"ಮತ್ತ ಬೀಳವಲ್ಲಿ?"

"ನೋವಾದ್ರ ಬೀಳಬೇಕೇನ್ರಿ?"

ಉಳಿದವರು ಕಿಸಕ್ಕೆಂದರು. ಅಷ್ಟರಲ್ಲಿ ಬೆಲ್ ಹೊಡೆಯಿತು, ಪುಣ್ಯ.

೧೧ ಆಗಸ್ಟ್, ಗುರುವಾರ

ಯೋಚಿಸಿ ನೋಡಿದೆ. ಆ ಹುಡುಗಿ ಏಳನೆಯ ವರ್ಷದಿಂದ ಕಳೆ ತೆಗೆಯಲು ಹೋಗುತ್ತಾಳಂತೆ. ಕೈ ಕಲ್ಲಾಗಿದೆ, ನರ ಒಳಗೆ ಇಳಿದುಹೋಗಿದೆ. ಅಷ್ಟೇ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ.

೧೬ ಆಗಸ್ಟ್, ಮಂಗಳವಾರ

ಪಂಚಮಿ ಮುಗಿಯಿತು, ಝಂಡಾ ಮುಗಿಯಿತು. ಇವತ್ತು ದುರಗಮ್ಮನಿಗೆ ಮಣಿಕಟ್ಟು ಬಿಟ್ಟು ಹೆಬ್ಬೆರಳಿನ ಸಂದು ಹಿಡಿದು ನೋಡಿದೆ. ಕಣ್ಣಲ್ಲಿ ನೀರು ಬಂತು. ಬೀಳಲಿಲ್ಲ. ಮೊಣಕೈ ಹಿಡಿದಾಗ "ಜುಂ ಅಂತದ್ರಿ" ಎಂದಳು, ಕೈ ಝಾಡಿಸಿದಳು, ನಿಂತೇ ಇದ್ದಳು. ಕಿವಿಯ ಕೆಳಗೆ, ಕುತ್ತಿಗೆಗೆ ನಾನು ಕೈ ಹಾಕಲಿಲ್ಲ, ಹೆಣ್ಣುಮಗು.

ಒಳ್ಳೆಯ ಹುಡುಗಿಯೇ. ಉದ್ಧಟತನ ಇಲ್ಲ. ಆದರೆ ಅವಳು ನಿಂತಿರುವುದನ್ನು ನೋಡಿ ಹಣಮಂತಮ್ಮನೂ ಇವತ್ತು ಅರ್ಧಕ್ಕೇ ಬಗ್ಗಿ ನಿಂತುಬಿಟ್ಟಳು, ಬೀಳಬೇಕೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದಳು. ನಾನು ಸಿಟ್ಟಿನಿಂದ ಎಲ್ಲರನ್ನೂ ಮೈದಾನದ ಸುತ್ತ ನಾಲ್ಕು ಸುತ್ತು ಓಡಿಸಿದೆ. ನರಕ್ಕೂ ಓಟಕ್ಕೂ ಏನು ಸಂಬಂಧವೋ, ನನಗೇ ಗೊತ್ತಿಲ್ಲ.

೧೭ ಆಗಸ್ಟ್, ಬುಧವಾರ

ಸೂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಿಂದಿನಿಂದ ಹೋಗಿ ಅವಳ ಮಣಿಕಟ್ಟಿಗೆ ಹೆಬ್ಬೆರಳಿಟ್ಟು ಒತ್ತಿದೆ. ಮದುವೆಯಾಗಿ ಇಪ್ಪತ್ತಾರು ವರ್ಷ, ಒಮ್ಮೆಯೂ ಅವಳ ಮೇಲೆ ಈ ವಿದ್ಯೆ ಪ್ರಯೋಗಿಸಿರಲಿಲ್ಲ.

"ಬಿಡ್ರಿ, ರೊಟ್ಟಿ ಹೊತ್ತತದ."

"ನೋವಾಗವಲ್ದ?"

"ಆಗಾಕತ್ತೇದ. ಅದಕ್ಕ ಬಿಡ್ರಿ ಅಂದೆ." ಎನ್ನುತ್ತಲೇ ಇನ್ನೊಂದು ಕೈಯಿಂದ ರೊಟ್ಟಿ ಹೊರಳಿಸಿದಳು. "ಏನಾಗೇದ್ರಿ ನಿಮಗ ಇವತ್ತ?"

ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮನೆಯಲ್ಲಿ ವಿದ್ಯೆ ನಡೆಯುವುದಿಲ್ಲ.

೨೦ ಆಗಸ್ಟ್, ಶನಿವಾರ

ಅರ್ಧ ದಿನದ ಶಾಲೆ. ನೇರವಾಗಿ ತಾಯಪ್ಪನ ಅಂಗಡಿಗೆ ಹೋದೆ. ಅವನು ಚಕ್ರದ ಡೊಂಕು ತೆಗೆಯುತ್ತಿದ್ದ. ಹೇಳದೆ ಕೇಳದೆ ಮಣಿಕಟ್ಟು ಹಿಡಿದು ಒತ್ತಿದೆ.

ನನ್ನ ಮುಖ ನೋಡಿದ. ಆಮೇಲೆ ಎಡಕ್ಕೆ ನೋಡಿದ, ಅಲ್ಲಿ ಕಡ್ಡಿಗಳ ಕಟ್ಟು ಇತ್ತು. ಬಲಕ್ಕೆ ನೋಡಿದ, ಅಲ್ಲಿ ಹಳೆಯ ಟೈರು ಬಿದ್ದಿದ್ದವು. ಆಮೇಲೆ "ಯಪ್ಪಾ!" ಎಂದು ಟೈರಿನ ಮೇಲೆ ಬಿದ್ದ.

ನಾನು ಆ ನೋಟವನ್ನು ನೋಡಿಬಿಟ್ಟೆ. ನೋಡಬಾರದಿತ್ತು.

"ತಾಯಪ್ಪ, ಖರೆ ಹೇಳು. ನೀನಾಗಿ ಬಿದ್ದಿ."

"ಇಲ್ರಿ ಉಸ್ತಾದ್ರೆ."

"ಮೌನೇಶ್ವರನ ಆಣಿ ಮಾಡು."

ತಿಂಥಣಿಯ ಮೌನಪ್ಪನ ಮೇಲೆ ತಾಯಪ್ಪ ಸುಳ್ಳು ಆಣೆ ಮಾಡುವವನಲ್ಲ. ಎದ್ದು ಧೂಳು ಝಾಡಿಸಿಕೊಂಡ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾವನ್ನು ಎರಡು ಸುತ್ತು ತಿರುವಿದ. "ನೀವು ಹಿಡದಾಗ ನಾವು ನಿಂತಿದ್ರ ತಾಲೀಮಿನ ಇಜ್ಜತ್ ಏನ್ ಉಳೀತದ್ರಿ?" ಎಂದ.

"ಹಂಗಾರ ಎಲ್ಲಾ ಸುಳ್ಳೇನಲೇ?"

"ಸುಳ್ಳ್ ಯಾಕ್ರಿ? ನೋವು ಖರೆ. ಬೀಳೂದು ನಾವ ಬೀಳ್ತೀವಿ."

"ಎಲ್ಲಾರೂ?"

"ಎಲ್ಲಾರೂ ರೀ."

ಹದಿನೆಂಟು ವರ್ಷ! ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಿದ್ದರೆ ಅದಕ್ಕೂ ಬೀಳುತ್ತಿದ್ದನೇನೋ. ಅವನು ಚಹಾ ತರಿಸಿದ, ನಾನು ಕುಡಿಯದೆ ಬಂದೆ.

೨೧ ಆಗಸ್ಟ್, ಭಾನುವಾರ

ಇಡೀ ದಿನ ಕಟ್ಟೆಯ ಮೇಲೆ ಕೂತಿದ್ದೆ. ತಲೆ ಕೆಟ್ಟು ಮೊಸರುಗಡಿಗೆಯಾಗಿದೆ.

ಶಿಷ್ಯರು ಮರ್ಯಾದೆಗೆ ಬಿದ್ದರು, ಒಪ್ಪೋಣ. ನಾನು? ಹದಿನಾಲ್ಕನೆಯ ವಯಸ್ಸಿನಲ್ಲಿ ಉಸ್ತಾದರು ಮೊದಲ ಸಲ ನನ್ನ ಮಣಿಕಟ್ಟು ಹಿಡಿದಾಗ ನಾನು ಬಿದ್ದೆನಲ್ಲ, ಅದು? ಅದು ಖರೆ. ಬೆಂಕಿ ಹೊಕ್ಕಂತಾಗಿತ್ತು, ಕಣ್ಣು ಕತ್ತಲೆಯಾಯಿತು, ಎದ್ದಾಗ ಮೈತುಂಬ ತಾಲೀಮಿನ ಕೆಂಪು ಮಣ್ಣು. ನೂರು ಮಂದಿಗೆ ಈ ಕಥೆ ಹೇಳಿದ್ದೇನೆ.

ಆದರೆ ಇವತ್ತು ಕೂತು ಕೂತು ಇನ್ನೊಂದು ಮಾತು ನೆನಪಾಯಿತು. ಉಸ್ತಾದರು ನನ್ನ ಕಡೆ ಬರುವ ಮೊದಲು ಹಿರಿಯ ಪೈಲ್ವಾನನೊಬ್ಬ ಕಿವಿಯಲ್ಲಿ ಹೇಳಿದ್ದ: "ಎಡಕ್ಕ ಬೀಳು. ಬಲಕ್ಕ ಗದಾ ಇಟ್ಟಾರ, ತಲಿ ಒಡೀತದ."

ಎಡಕ್ಕೇ ಬಿದ್ದೆ.

ಅಯ್ಯೋ ಶಿವನೇ. ಬೀಳಲೇಬೇಕಾಗಿ ಬಂದವನಿಗೆ ಎಡ ಬಲ ಎಲ್ಲಿಂದ ಬಂತು? ಹಾಗಾದರೆ ನಾನೂ ಬಿದ್ದುಕೊಟ್ಟೆನೇ? ಉಸ್ತಾದರೂ ತಮ್ಮ ಉಸ್ತಾದರಿಗೆ ಬಿದ್ದುಕೊಟ್ಟಿದ್ದರೇ? ಅವರಿಗೆ ಗೊತ್ತಿತ್ತೇ? ಗೊತ್ತಿದ್ದೂ ನಮಗೆ ಕಲಿಸಿದರೇ? ಕೇಳೋಣವೆಂದರೆ ಅವರು ಹೋಗಿ ಹನ್ನೊಂದು ವರ್ಷ.

ಇನ್ನೊಂದು ಬರೆಯಬೇಕು. ನಾಲ್ಕು ಗಂಟೆಗೆ ಒಳಗೆ ಹೋಗುವಾಗ ಮೊಣಕೈ ಬಾಗಿಲ ಚೌಕಟ್ಟಿಗೆ ಬಡಿಯಿತು. ಕೈ ಜೋಮು ಹಿಡಿದು ಚಹಾದ ಲೋಟ ಕೈಬಿಟ್ಟು ಬಿತ್ತು. ಚೌಕಟ್ಟಿಗೆ ಯಾರೂ ಮರ್ಯಾದೆ ಕೊಡುವುದಿಲ್ಲವಲ್ಲ! ಅಂದರೆ ನರದಲ್ಲಿ ಏನೋ ಇದೆ. ಇದೆ, ಆದರೆ ಎಷ್ಟಿದೆ? ಲೋಟ ಬೀಳುವಷ್ಟೇ, ಮನುಷ್ಯ ಬೀಳುವಷ್ಟೇ? ಯಾರನ್ನು ಕೇಳಲಿ?

೨೪ ಆಗಸ್ಟ್, ಬುಧವಾರ

ಬಾಯಿಯವರಿಗೆ ಹೇಳಿಬಿಡಬೇಕೆಂದು ಮೂರು ಸಲ ಅವರ ಖೋಲಿಯ ಮುಂದೆ ಹೋದೆ. ಮೂರನೆಯ ಸಲ ಅವರೇ ಕರೆದರು. ಮುಖ ಅರಳಿತ್ತು. "ಶನಿವಾರ ದೊಡ್ಡಿ ಹಿರ್‍ಯಾರು ನೋಡಾಕ ಬರ್ತಾರಂತ್ರಿ. ಚೊಲೊ ಕಂಡ್ರ ಮಾತ್ರ ಮುಂದ ಕಳಸೂದಂತ. ಎಲ್ಲಾ ನಿಮ್ಮ ಕೈಯಾಗ ಅದ ಮಾಸ್ತರ."

ನನ್ನ ಕೈಯಲ್ಲಿ! ವಿದ್ಯೆ ಪೊಳ್ಳು ಎಂದರೆ ಏಳು ಹುಡುಗಿಯರೂ ನಾಳೆಯೇ ಸಸಿ ಹಚ್ಚಲು ಹೋಗುತ್ತಾರೆ, ಬರುವ ವರ್ಷ ಅವರ ಮದುವೆ ಆಗುತ್ತದೆ. ಪೊಳ್ಳಲ್ಲ ಎಂದರೆ ಒಂದು ದಿನ ಆ ಕಾಲುವೆಯ ಮೇಲೆ, ಓಡಬೇಕಾದ ಹುಡುಗಿ ಓಡದೆ ನಿಂತು ಅವನ ಮಣಿಕಟ್ಟು ಹುಡುಕುತ್ತಾಳೆ. ಅತ್ತ ದರಿ, ಇತ್ತ ಪುಲಿ. "ಆಗ್ಲಿರಿ ಬಾಯಾರ," ಎಂದು ಬಂದೆ. ನಾಚಿಕೆಯಾಗುತ್ತಿದೆ.

೨೭ ಆಗಸ್ಟ್, ಶನಿವಾರ

ಇವತ್ತಿನದು ಪೂರ್ತಿ ಬರೆಯುತ್ತೇನೆ, ಇಲ್ಲದಿದ್ದರೆ ನಾನೇ ನಂಬಲಾರೆ.

ದೊಡ್ಡಿಯಿಂದ ಹತ್ತು ಹನ್ನೆರಡು ಮಂದಿ ಬಂದಿದ್ದರು. ಬೆಂಚು ಹಾಕಿಸಿದ್ದರೂ ಯಾರೂ ಕೂಡಲಿಲ್ಲ, ಗೋಡೆಗೆ ಆತು ಕುಕ್ಕರಗಾಲಲ್ಲಿ ಕೂತರು. ತಾಯಪ್ಪ ಬೀಳಲು ಸಿದ್ಧನಾಗಿ ನಿಂತಿದ್ದ. ನಾನು ಅವನನ್ನು ಹಿಂದಕ್ಕೆ ಸರಿಸಿ ಮರಿಲಿಂಗಪ್ಪನನ್ನು ಕರೆದೆ. ನಾರಾಯಣಪುರದ ಡ್ಯಾಮಿನಿಂದ ಇಲ್ಲಿತನಕ ಕಾಲುವೆಯ ಮಣ್ಣು ಹೊತ್ತವನು, ಬೇವಿನ ಬೊಡ್ಡೆಯಂಥ ಕುತ್ತಿಗೆ. ಇವನಂಥವನು ಬೀಳುವುದಿಲ್ಲ, ಎಲ್ಲರೂ ನೋಡಲಿ, ನಾನು ಬಾಯಿ ಬಿಟ್ಟು ಹೇಳುವ ಪ್ರಸಂಗವೇ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಹೇಡಿಯ ಲೆಕ್ಕ, ಗೊತ್ತು.

"ಮರಿಲಿಂಗಪ್ಪ, ಗಟ್ಟಿಯಾಗಿ ನಿಂದ್ರು. ಮರ್ಯಾದಿ ಗಿರ್ಯಾದಿ ಏನೂ ಬ್ಯಾಡ. ಖರೆ ಬಿದ್ರ ಮಾತ್ರ ಬೀಳು."

ಅವನು ಮಗಳ ಕಡೆ ಒಮ್ಮೆ ನೋಡಿದ. "ಆತ್ರಿ," ಎಂದ. ಅವನ ಮಣಿಕಟ್ಟಿಗೆ ನನ್ನ ಬೆರಳುಗಳು ಸುತ್ತು ಬರಲಿಲ್ಲ. ಹೆಬ್ಬೆರಳನ್ನು ಸುಮ್ಮನೆ ಇಟ್ಟೆ. ಒತ್ತಲೂ ಇಲ್ಲ, ದೇವರಾಣೆ.

ಧಡ್ಡನೆ ಬಿದ್ದ! ಅಂಗಾತ ಬಿದ್ದವನು ಕೈ ಹಿಡಿದುಕೊಂಡು ಹೊರಳಾಡಿದ. ದೊಡ್ಡಿಯವರು ಎದ್ದು ನಿಂತು "ಭಲೆ ಮಾಸ್ತರ!" ಎಂದರು. ಮುದುಕನೊಬ್ಬ ನನ್ನ ಹೆಬ್ಬೆರಳು ಮುಟ್ಟಿ ನೋಡಿದ. ಬಾಯಿಯವರು ಚಪ್ಪಾಳೆ ತಟ್ಟಿದರು. "ಏಳೋ, ಯಾಕ ಬಿದ್ದಿ? ನಾ ಒತ್ತೇ ಇಲ್ಲ!" ಎಂದು ನಾನು ಕಿರುಚಿದರೆ, "ಒತ್ತದನ ಕೆಡವಿದ್ರು!" ಎಂದು ಇನ್ನಷ್ಟು ಗದ್ದಲ.

ಎಲ್ಲರೂ ಹೋಗುವಾಗ ಅವನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕೇಳಿದೆ. ನೆಲ ನೋಡುತ್ತ, "ನಿಮ್ಮಂಥವರು ನಮ್ಮ ಕೈ ಹಿಡದ ಮ್ಯಾಲ ನಾ ಹೆಂಗ ನಿಂತಿರ್ಲಿರಿ?" ಎಂದ.

ಎದೆಗೆ ಚುಚ್ಚಿತು. ಅಂದರೆ ಇದು ವಿದ್ಯೆಯಲ್ಲ. ಇವರು ನಮ್ಮ ಮುಂದೆ ಬಿದ್ದು ಬಿದ್ದು ರೂಢಿಯಾಗಿದೆ, ಅದನ್ನೇ ನಾನು ಹೆಬ್ಬೆರಳಿನ ಮಹಿಮೆ ಎಂದುಕೊಂಡೆ. ಆ ಕಡೆ ದುರಗಮ್ಮ ಅಪ್ಪನ ಬೆನ್ನಿನ ಧೂಳು ಒರೆಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

ಸೋಮವಾರದಿಂದ ಮನೆಯವರು ಸಂಗಡ ಬರುವುದಿಲ್ಲವಂತೆ. ಮಾಸ್ತರರ ವಿದ್ಯೆ ಸಾಕಂತೆ.

೨೯ ಆಗಸ್ಟ್, ಸೋಮವಾರ

ಬೆಳಿಗ್ಗೆ ಏಳಕ್ಕೆ ಸೈಕಲ್ ಹತ್ತಿ ದೊಡ್ಡಿಯ ಕಡೆ ಹೋದೆ. ಇತ್ತೀಚೆಗೆ ಹೊಟ್ಟೆ ಬಂದಿದೆ, ತಿರುಗಾಡಿದರೆ ಒಳ್ಳೆಯದು. ಕಾಲುವೆಗೆ ಹೊಸ ನೀರು ಬಿಟ್ಟಿದ್ದಾರೆ ಎಂದರು, ಅದನ್ನೂ ನೋಡಿದ ಹಾಗಾಗುತ್ತದೆ. ಬರುವಾಗ ಹುಡುಗಿಯರು ಎದುರಾದರು, ಸೈಕಲ್ ನೂಕುತ್ತ ಅವರ ಹಿಂದೆ ನಡೆದು ಬಂದೆ. ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಸಂಜೆಯೂ ಅತ್ತ ಕಡೆ ಒಂದು ಸುತ್ತು ಹೋಗಿಬಂದೆ. ಸೂಗಮ್ಮ ಬಿಸಿನೀರು ಕಾಯಿಸಿ ಇಟ್ಟಿದ್ದಳು.

೩೧ ಆಗಸ್ಟ್, ಬುಧವಾರ

ಮೊಣಕಾಲು ಹಿಡಿದಿದೆ. ನಾಲ್ಕು ಕಿಲೋಮೀಟರಿನಲ್ಲಿ ಈ ಹುಡುಗಿಯರು ಎಷ್ಟು ಮಾತಾಡುತ್ತಾರೆ! ನಾನು ಕೇಳುತ್ತ ಬರುತ್ತೇನೆ. ಅವನು ಯಾವ ವಾರ ಬರುತ್ತಾನೆ, ಎಲ್ಲಿ ಕೂಡುತ್ತಾನೆ, ದೂರದಿಂದ ಗಾಡಿಯ ಸಪ್ಪಳ ಹೇಗೆ ಗುರುತಾಗುತ್ತದೆ, ಎಲ್ಲವೂ ಅವರಿಗೆ ಗೊತ್ತು. ನಾನು ಹಿಂದೆ ಕೇಳಿರಲೇ ಇಲ್ಲ. ಇವತ್ತು ಸಾಯಬಮ್ಮ ದಂಡೆಯ ಮೇಲೆ ನಿಂತು "ಯವ್ವೋ!" ಎಂದು ಒಂದು ಕೂಗು ಹಾಕಿದಳು ನೋಡು, ನಾಲ್ಕು ಹೊಲದಾಚೆ ಸಸಿ ಹಚ್ಚುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ತಲೆ ಎತ್ತಿದರು. ನನ್ನ ಸೀಟಿಯ ಸಪ್ಪಳ ಅಷ್ಟು ದೂರ ಹೋಗುವುದಿಲ್ಲ.

"ಅವ ಅಡ್ಡ ಬಂದ್ರ ಏನ್ ಮಾಡ್ತಿ?" ಎಂದು ದುರಗಮ್ಮನನ್ನು ಕೇಳಿದೆ.

"ನರ ಹಿಡೀರಿ ಅಂದೀರಲ್ರಿ ಸರ." ಅವಳ ದನಿಯಲ್ಲಿ ನಗೆಯಿತ್ತೋ ಇಲ್ಲವೋ ತಿಳಿಯಲಿಲ್ಲ.

"ನೀ ಏನ್ ಮಾಡ್ತಿ ಅಂತ ಕೇಳಿದೆ."

"ಒದರಿಕೊಂತ ಓಡ್ತೀನ್ರಿ."

ಸೈಕಲ್ಲಿನ ಗಂಟೆ ಬಾರಿಸಿದೆ.

೨ ಸೆಪ್ಟೆಂಬರ್, ಶುಕ್ರವಾರ

ಅವನು ಬಂದ.

ಗೇಟಿನ ಹತ್ತಿರ ಮೋಟಾರ್ ಸೈಕಲ್ಲನ್ನು ದಂಡೆಗೆ ಅಡ್ಡ ನಿಲ್ಲಿಸಿದ್ದ. ಮೂವತ್ತರೊಳಗಿನವ, ಬಾಯಿತುಂಬ ಗುಟ್ಕಾ. ಹುಡುಗಿಯರು ನನ್ನ ಹಿಂದೆ ಒತ್ತಟ್ಟಿಗೆ ನಿಂತರು. ನನಗೆ ಭಯವಾಯಿತು, ಇಲ್ಲಿ ಬರೆಯಲು ಏನು ನಾಚಿಕೆ. ಸೈಕಲ್ ಸ್ಟ್ಯಾಂಡ್ ಹಾಕಿ ಮುಂದೆ ಹೋದೆ. ಗಾಡಿ ತೆಗೆ ಎಂದೆ. ಅವನು ನನ್ನನ್ನು ದಾಟಿ ಹಣಮಂತಮ್ಮನ ಕಡೆ ಕೈ ಚಾಚಿದ. ನಾನು ಆ ಕೈ ಹಿಡಿದೆ.

ಕಲಿಯತೊಡಗಿದ ದಿನದಿಂದ ಮೂವತ್ತೇಳು ವರ್ಷದ ವಿದ್ಯೆಯೆಲ್ಲ ಆ ಹೆಬ್ಬೆರಳಿಗೆ ಬಂತು. ಸರಿಯಾದ ಜಾಗ, ಸರಿಯಾದ ಕೋನ. ಒಂದು ಸಲವಾದರೂ ಖರೆಯಾಗಲಿ ಎಂದು ಉಸ್ತಾದರನ್ನು ನೆನೆದು ಒತ್ತಿದೆ.

ಅವನು ನನ್ನ ಹೆಬ್ಬೆರಳನ್ನು ನೋಡಿದ, ನನ್ನ ಮುಖ ನೋಡಿದ. "ಏನ್ ಮಾಡಾಕತ್ತೀಯೋ ಮುದುಕ? ನಾಡಿ ನೋಡ್ತೀ ಏನು?"

ಆಮೇಲೆ ಎದೆಗೆ ಒಂದು ನೂಕು. ನಾನು ಭತ್ತದ ಕೆಸರಿಗೆ ಬಿದ್ದೆ. ಎಡಕ್ಕೋ ಬಲಕ್ಕೋ ಗೊತ್ತಿಲ್ಲ. ಇದು ನಿಜವಾದ ಬೀಳುವಿಕೆ.

ದುರಗಮ್ಮನ ಕೂಗು ಕೇಳಿಸಿತು, ಅದರ ಹಿಂದೆ ಸಾಯಬಮ್ಮನದು, ಆಮೇಲೆ ಏಳೂ ಮಂದಿಯದು. ಬಂದ ದಾರಿಯಲ್ಲೇ ಒದರುತ್ತ ಓಡಿದರು. ಕೆಸರಿನಿಂದ ತಲೆ ಎತ್ತುವಷ್ಟರಲ್ಲಿ ನಾಲ್ಕೂ ಕಡೆಯ ಹೊಲಗಳಿಂದ ಹೆಂಗಸರು ಸೀರೆ ಎತ್ತಿಕಟ್ಟಿ ದಂಡೆ ಹತ್ತುತ್ತಿದ್ದರು, ಕೆಲವರ ಕೈಯಲ್ಲಿ ಕುಡುಗೋಲು. ಅವನು ಗಾಡಿಗೆ ಕಿಕ್ ಹೊಡೆದ, ಅದು ಹತ್ತಲಿಲ್ಲ. ಅಲ್ಲೇ ಬಿಟ್ಟು ಗೇಟಿನ ಮೇಲಿಂದ ಆಚೆ ದಂಡೆಗೆ ಜಿಗಿದು ಓಡಿದ. ಗಾಡಿಯನ್ನು ಪೊಲೀಸರು ಒಯ್ದಿದ್ದಾರೆ. ಈಗ ಯಾರ ಮಗ ಎಂದು ಗೊತ್ತಾಗುತ್ತದೆ.

ನನ್ನನ್ನು ಎತ್ತಿ ನಿಲ್ಲಿಸಿದ್ದು ಹಣಮಂತಮ್ಮನ ತಾಯಿ.

೩ ಸೆಪ್ಟೆಂಬರ್, ಶನಿವಾರ

ಬಜಾರದಲ್ಲಿ ತಲೆ ಎತ್ತಲು ಆಗಲಾರದು ಎಂದುಕೊಂಡು ಹೊರಟರೆ, ಚಹಾದಂಗಡಿಯವನು ಎದ್ದು ನಿಂತು ಕೈ ಮುಗಿದ. "ಮಾಸ್ತರ, ಒಂದ ಹೆಬ್ಬಟ್ಟಿಲೆ ಕೆಡವಿದ್ರಂತ!"

ಹುಡುಗಿಯರೇ ಹಾಗೆ ಹೇಳಿದ್ದಾರೆ. ಸರ್ ನರ ಹಿಡಿದರು, ಅವನು ಕೆಸರಿಗೆ ಬಿದ್ದ, ಆಮೇಲೆ ಓಡಿದ. ಹೆಂಗಸರೂ ಹೌದು ಎಂದಿದ್ದಾರೆ. ಕರೆದು ಕೇಳಿದರೆ ಸಾಯಬಮ್ಮ, "ಸರ್ ಬಿದ್ರು ಅಂತ ಹೆಂಗ ಹೇಳೂದ್ರಿ?" ಎಂದು ಅಳುವ ಹಾಗಾದಳು.

ಇಲ್ಲಿಯಾದರೂ ಸುಳ್ಳು ಬರೆಯುವುದಿಲ್ಲ: ಕೇಳಲು ಬಹಳ ಹಿತವಾಗಿತ್ತು. ಆ ಚಹಾ ಕುಡಿದೆ. ಇನ್ನೊಂದು ಕುಡಿದೆ.

ಸೋಮವಾರ ಶಿಕ್ಷಕರ ದಿನ. ಬಾಯಿಯವರು ಶಾಲು ಹೊದಿಸುತ್ತಾರಂತೆ. ಬೇರೆ ಎರಡು ದೊಡ್ಡಿಯವರೂ ಬರುತ್ತಾರಂತೆ. ಹೆಬ್ಬೆರಳಿನ ವಿದ್ಯೆ ಕಲಿಸುವುದಾದರೆ ಹನ್ನೊಂದು ಹುಡುಗಿಯರನ್ನು ಶಾಲೆಗೆ ಹಾಕುತ್ತಾರಂತೆ.

೪ ಸೆಪ್ಟೆಂಬರ್, ಭಾನುವಾರ

ಹೇಳಲೇ, ಬೇಡವೇ? ಹನ್ನೊಂದು ಮತ್ತು ಏಳು, ಹದಿನೆಂಟು ಹುಡುಗಿಯರು. ಸೂಗಮ್ಮನನ್ನು ಕೇಳಿದರೆ, "ನಿಮ್ಮ ಮಗಳಿದ್ರ ಏನ್ ಕಲಸ್ತಿದ್ರಿ?" ಎಂದಳು. ನಮಗೆ ಮಕ್ಕಳಿಲ್ಲ. ಅವಳು ಈ ಮಾತು ಆಡಿದ್ದು ಇಪ್ಪತ್ತು ವರ್ಷದಲ್ಲಿ ಇದೇ ಮೊದಲು.

೫ ಸೆಪ್ಟೆಂಬರ್, ಸೋಮವಾರ

ಶಾಲು ಹೊದಿಸುವ ಮೊದಲೇ ದುರಗಮ್ಮನನ್ನು ಮುಂದೆ ಕರೆದು ಕೈ ಚಾಚಿದೆ. "ಹಿಡಿ. ನಾ ಕಲಿಸಿದಂಗ ಒತ್ತು. ಜೋರಾಗಿ."

ಒತ್ತಿದಳು. ಕಳೆ ಕಿತ್ತ ಕೈ, ಒಳ್ಳೆಯ ಹಿಡಿತ, ಮೊಣಕೈತನಕ ಉರಿಯಿತು. ಮೂರು ದೊಡ್ಡಿಯವರು, ಇಡೀ ಶಾಲೆ, ಎಲ್ಲರೂ ನಾನು ಬೀಳುವುದನ್ನೇ ಕಾಯುತ್ತಿದ್ದರು. ನಾನು ನಿಂತೆ. ಅವಳು ಮುಖ ಎತ್ತಿ, ತುಟಿ ಅಲುಗದಂತೆ, "ಸರ, ಬೀಳ್ರಿ. ಎಲ್ಲಾರೂ ನೋಡಾಕತ್ತಾರ," ಎಂದಳು.

ಯಾರಿಗೂ ಬೀಳದ ಈ ಹುಡುಗಿ ನನ್ನ ಮಾನ ಉಳಿಸಲು ಬೇಡಿಕೊಳ್ಳುತ್ತಿದ್ದಳು.

"ಬೀಳಂಗಿಲ್ಲವ್ವ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. "ಶುಕ್ರವಾರ ಅವನೂ ಬೀಳಲಿಲ್ಲ. ಬಿದ್ದಾವ ನಾನು. ನಿಮ್ಮನ್ನ ಉಳಿಸಿದ್ದು ನಿಮ್ಮ ಗಂಟಲು, ನಿಮ್ಮ ಕಾಲು, ಹೊಲದಾಗಿನ ಹೆಣ್ಮಕ್ಕಳು. ನನ್ನ ಹೆಬ್ಬಟ್ಟಲ್ಲ. ಇದನ್ನ ನಂಬಿ ಯಾರೂ ನಿಂದ್ರಬ್ಯಾಡ್ರಿ."

ತಾಯಪ್ಪ ತಲೆ ತಗ್ಗಿಸಿದ. ಬಾಯಿಯವರು ಮಡಿಚಿದ ಶಾಲು ಹಿಡಿದುಕೊಂಡು, ಹೊದಿಸಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ದೊಡ್ಡಿಯವರು ಒಬ್ಬೊಬ್ಬರೇ ಎದ್ದು ಹೋದರು. ಸರಿ ಮಾಡಿದೆನೋ, ಹದಿನೆಂಟು ಮಂದಿಯ ಬಾಯಿಗೆ ಮಣ್ಣು ಹಾಕಿದೆನೋ, ಈ ಕ್ಷಣಕ್ಕೂ ಗೊತ್ತಾಗುತ್ತಿಲ್ಲ.

೬ ಸೆಪ್ಟೆಂಬರ್, ಮಂಗಳವಾರ

ಬೆಳಿಗ್ಗೆ ಹೋದಾಗ ದೊಡ್ಡಿಯ ಹುಣಸೆ ಗಿಡದ ಕೆಳಗೆ ನಾಲ್ಕೇ ಮಂದಿ ಇದ್ದರು. ದುರಗಮ್ಮ, ಹಣಮಂತಮ್ಮ, ಸಾಯಬಮ್ಮ, ಇನ್ನೊಬ್ಬಳು. ಉಳಿದ ಮೂವರನ್ನು ಕಳಿಸುವುದಿಲ್ಲವಂತೆ. ಬೇರೆ ದೊಡ್ಡಿಯ ಹನ್ನೊಂದು ಮಂದಿಯ ಸುದ್ದಿಯೇ ಇಲ್ಲ.

ಮರಿಲಿಂಗಪ್ಪ ಸಲಿಕೆ ಹೆಗಲ ಮೇಲಿಟ್ಟುಕೊಂಡು ದಾರಿಗೆ ಅಡ್ಡ ನಿಂತಿದ್ದ. ಈ ಸಲ ನೆಲ ನೋಡಲಿಲ್ಲ, ನನ್ನನ್ನೇ ನೋಡಿದ. ಕಣ್ಣು ಕೆಂಪಾಗಿದ್ದವು.

"ಯಾಕ ಹೇಳಿದ್ರಿ ಮಾಸ್ತರ?"

"ಖರೆ ಹೇಳಬೇಕಿತ್ತು. ನೀನೂ ಅವತ್ತ ನನ್ನ ಮರ್ಯಾದಿಗೆ ಬಿದ್ದಿ. ಅದು ತಪ್ಪು."

"ನಿಮ್ಮ ಮರ್ಯಾದಿಗೇನ್ರಿ?" ಎಂದ ಅವನು. "ಬಿದ್ದಾವ ನಾನು, ನಂಗ ಗೊತ್ತಿರಂಗಿಲ್ಲೇನು ನೀವು ಒತ್ತಿಲ್ಲಂತ? ಅವತ್ತ ನಾ ನಿಂತಿದ್ರ ಹಿರ್‍ಯಾರು ನನ್ನ ಮಗಳ ಸಾಲಿ ಬಿಡಸ್ತಿದ್ರು. ಅದಕ್ಕ ಬಿದ್ದೆ. ಹತ್ತ ಸಲ ಬೀಳಂದಿದ್ರ ಹತ್ತ ಸಲ ಬೀಳ್ತಿದ್ದೆ."

ಅವನು ದಾರಿ ಬಿಟ್ಟು, ಹುಡುಗಿಯರ ಮುಂದೆ ತಾನೇ ನಡೆಯತೊಡಗಿದ. ನಾನು ಸೈಕಲ್ ನೂಕುತ್ತ ಹಿಂದೆ ನಡೆದೆ.

ನಾಳೆ ಅರ್ಧ ತಾಸು ಮುಂಚೆ ಹೊರಡಬೇಕು. ಆ ಮೂರು ಮನೆಗಳ ಬಾಗಿಲಿಗೆ ಹೋಗಿ ನಿಲ್ಲಬೇಕು.